ಅತ್ತೆ ಸಮುದ್ರ ನೋಡಿದ್ದು

ನಮ್ಮ ಅತ್ತೆ ಐವತ್ತು ವರ್ಷ ಬೇಗಂ ಬಜಾರಿನಲ್ಲಿ ಸಂಸಾರ ಮಾಡಿದವರು. ಕೆಳಗೆ ಮಾವನವರ ಬೇಳೆಕಾಳಿನ ಅಂಗಡಿ, ಮೇಲೆ ಎರಡು ಕೋಣೆ. ಕಲಬುರಗಿ ಕಡೆಯಿಂದ ಮದುವೆಯಾಗಿ ಬಂದ ದಿನ ಆ ಮೆಟ್ಟಿಲು ಹತ್ತಿದ್ದು, ಮಾವ ತೀರಿಕೊಂಡ ಮೇಲೆ ಗಚ್ಚಿಬೌಲಿಯ ನಮ್ಮ ಫ್ಲ್ಯಾಟಿಗೆ ಬರಲು ಇಳಿದದ್ದು. ನಡುವೆ ತವರು, ಮಠ, ಆಸ್ಪತ್ರೆ ಬಿಟ್ಟರೆ ಎಲ್ಲಿಗೂ ಹೋದವರಲ್ಲ. ಅಂಥವರು ಒಂದು ಸಂಜೆ, ನಾನು ಸ್ಪೇನಿಗೆ ಹೋಗುವ ಮಾತನ್ನು ನಮ್ಮ ಮನೆಯವರ ಹತ್ತಿರ ಆಡುತ್ತಿದ್ದಾಗ, ಮೆಂತ್ಯ ಸೊಪ್ಪು ಬಿಡಿಸುತ್ತಿದ್ದವರು ತಲೆ ಎತ್ತಿದರು.

"ಅಲ್ಲಿ ಸಮುದ್ರ ಐತೇನು?"

"ಐತ್ರಿ ಅತ್ತಿ."

"ಹಂಗಾರ ನಾನೂ ಬರ್ತೀನಿ."

ಸಮುದ್ರವೇ ನೋಡಬೇಕಾದರೆ ಮಚಲೀಪಟ್ನಂ ಇದೆ, ಒಂದು ರಾತ್ರಿ ಬಸ್ಸಿನಲ್ಲಿ ಕೂತರೆ ಸಾಕು, ಅದಕ್ಕೆ ಸ್ಪೇನು ಯಾಕೆ ಎಂದು ನಾನು ಹೇಳಿ ನೋಡಿದೆ. "ಯಾರು ಕರಕೊಂಡು ಹೋದ್ರವ್ವ?" ಅಂದರು. ಆ ಮಾತು ಕೇಳಿದ್ದೇ ಅವರ ಮಗ ಚಾರ್ಜರ್ ಹುಡುಕುವ ನೆವ ಮಾಡಿಕೊಂಡು ಒಳಗೆ ಹೋದರು. ಅಲ್ಲಿಗೆ ತೀರ್ಮಾನವಾಯಿತು.

ನಾನು ಅಮೀರ್‌ಪೇಟಿನ ಒಂದು ಕೋಚಿಂಗ್ ಸೆಂಟರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಹೇಳಿಕೊಡುತ್ತೇನೆ. ಕೊನೆಯ ಬೆಂಚಿಗೂ ಮೈಕಿಲ್ಲದೆ ಮುಟ್ಟುವ ಗಂಟಲು ನನ್ನದು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನನ್ನಿಂದ ಚೆನ್ನಾಗಿ ಬೈಸಿಕೊಂಡು ಪಾಸಾದ ಒಬ್ಬ ತೆಲುಗು ಹುಡುಗಿ ಈಗ ಸ್ಪೇನಿನ ಮಾಲಗಾ ಎಂಬ ಸಮುದ್ರದ ಊರಿನಲ್ಲಿ ಕೆಲಸಕ್ಕಿದ್ದಾಳೆ. ಅವಳು ಎರಡು ವಾರ ಬೇರೆ ಊರಿಗೆ ಹೋಗುವುದಿತ್ತು. ಮನೆ ಖಾಲಿ ಇರುತ್ತದೆ, ನೀವು ಬಂದು ಇರಿ ಮೇಡಂ ಎಂದು ಹಟ ಹಿಡಿದಿದ್ದಳು. ಮನೆಯವರಿಗೆ ಅಂಗಡಿ ಬಿಟ್ಟು ಬರಲಾಗದು. ಹೀಗಾಗಿ ಸೊಸೆ ಮತ್ತು ಅತ್ತೆ, ಇಬ್ಬರೇ ಹೊರಟೆವು.

ಹೊರಡುವ ಹಿಂದಿನ ದಿನವೇ ಜಗಳವಾಯಿತು. ನಮ್ಮ ಮನೆತನದಲ್ಲಿ ಎಲ್ಲರಿಗೂ ಹುಟ್ಟಿದಾಗಲೇ ಲಿಂಗ ಕಟ್ಟುತ್ತಾರೆ. ಅತ್ತೆಯ ಕೊರಳಿನಿಂದ ಅದು ಒಂದು ಗಳಿಗೆಯೂ ಇಳಿದದ್ದನ್ನು ನಾನು ನೋಡಿಲ್ಲ. ನನ್ನದು ಮಾತ್ರ ಬಹಳ ವರ್ಷಗಳಿಂದ ಬೆಳ್ಳಿಯ ಕರಡಿಗೆಯೊಳಗೆ, ಕಪಾಟಿನೊಳಗೆ ಇದೆ. ಮೆಟ್ರೋದಲ್ಲಿ ನೂಕಾಡಿ, ಬೆವರಿ, ದಿನವಿಡೀ ನಿಂತು ಪಾಠ ಮಾಡುವವಳಿಗೆ ಅದು ಕೊರಳಲ್ಲಿ ಭಾರವೆನಿಸಿತು, ತೆಗೆದಿಟ್ಟೆ. ಇದರಲ್ಲಿ ನನಗೆ ನಾಚಿಕೆಯೇನೂ ಇಲ್ಲ. ಅತ್ತೆಯೂ ಬಯ್ಯುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಆದರೆ ಅವತ್ತು ನನ್ನ ಸೂಟ್‌ಕೇಸಿನ ಪಕ್ಕ ಬಂದು ನಿಂತರು.

"ಕೀಲಿ ಹಾಕಿದ ಮನ್ಯಾಗ ಅದನ್ನ ಒಂಟಿ ಬಿಟ್ಟು ಬರ್ತೀ ಏನು?"

"ನಿಮ್ಮ ಮಗ ಇರ್ತಾರಲ್ರಿ ಮನ್ಯಾಗ."

"ಅಂವ ಮುಂಜಾನೆ ಹೋದ್ರ ರಾತ್ರಿ ಬರ್ತಾನ. ಅದು ನಿನ್ನ ಜೀವ ಐತಿ. ನೀ ಒಂದು ಕಡಿ, ಅದು ಒಂದು ಕಡಿ ಇರಬಾರದು."

ನೂರೆಂಟು ಕೆಲಸ ಬಾಕಿ ಇದ್ದ ಹೊತ್ತು. ತಲೆ ಕೆಟ್ಟು ಕಪಾಟಿನಿಂದ ಕರಡಿಗೆ ತೆಗೆದು, ಪಾಸ್‌ಪೋರ್ಟು, ಶೀತದ ಮಾತ್ರೆಗಳ ಜೊತೆ ಕೈಚೀಲದೊಳಗೆ ತುರುಕಿದೆ. "ಸಮಾಧಾನ ಆತೇನ್ರಿ?" ಎಂದು ಕೇಳಿದೆ. ಆಯಿತು ಎಂದು ಶಾಂತವಾಗಿ ಹೇಳಿ ಹೋದರು. ಮಜಾ ಎಂದರೆ ತಮ್ಮ ಕರಡಿಗೆಯನ್ನು ಅವರು ಮನೆಯಲ್ಲೇ ಬಿಟ್ಟರು. ಸ್ಪೇನಿನಲ್ಲಿ ಕಿಸೆಗಳ್ಳರು ಭಾಳ ಎಂದು ಮಗ ಫೋನಿನಲ್ಲಿ ಏನೋ ವಿಡಿಯೋ ತೋರಿಸಿದ್ದರು. ಬೆಳ್ಳಿ ಕಂಡರೆ ಕಳ್ಳರ ಕಣ್ಣು ಬೀಳುತ್ತದೆ ಎಂದು ಲಿಂಗವನ್ನು ಬಿಳಿಯ ಬಟ್ಟೆಯಲ್ಲಿ ಗಂಟು ಹಾಕಿ, ದಾರಕ್ಕೆ ಬಿಗಿದು, ಕುಪ್ಪಸದೊಳಗೆ ಇಳಿಬಿಟ್ಟುಕೊಂಡರು. ಬೆಳ್ಳಿ ಉಳಿಸಲು ಹೋಗಿ ಲಿಂಗವನ್ನೇ ಬಟ್ಟೆಗಂಟಿಗೆ ಒಪ್ಪಿಸಿದ್ದರು.

ಇನ್ನೊಂದು ಸಂಗತಿ ಹೇಳಲೇಬೇಕು. ಅತ್ತೆಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಮೊದಲು ಇನ್ಸುಲಿನ್ ಸೂಜಿ, ಅದನ್ನು ನಾನು ಹಾಕುತ್ತೇನೆ. ಸೂಜಿ ಆದದ್ದೇ ಅವರು ಚಾಪೆಯ ಮೇಲೆ ಕೂತು ಲಿಂಗವನ್ನು ಎಡಗೈಯಲ್ಲಿಟ್ಟು ಪೂಜೆ ಮಾಡುತ್ತಾರೆ. ಪೂಜೆ ಮುಗಿಯುವಷ್ಟರಲ್ಲಿ ನಾನು ರೊಟ್ಟಿ ಬಡಿದು ತಾಟು ಇಡುತ್ತೇನೆ. ಲಿಂಗಕ್ಕೆ ತೋರಿಸದೆ ಅವರು ಒಂದು ತುತ್ತು ಬಾಯಿಗಿಡುವುದಿಲ್ಲ, ನೀರೂ ಇಲ್ಲ. ತೋರಿಸಿದ್ದರಲ್ಲಿ ಚೂರು ಮುರಿದು ಮನೆಯಲ್ಲಿ ಯಾರಿದ್ದರೂ ಅವರ ಅಂಗೈಯಲ್ಲಿ ಇಡುತ್ತಾರೆ. ಕೆಲಸದವಳಿಗೆ, ಲಿಫ್ಟು ರಿಪೇರಿಗೆ ಬಂದವನಿಗೆ, ಒಮ್ಮೆ ಪಾರ್ಸೆಲ್ ತಂದ ಪಠಾಣರ ಹುಡುಗನಿಗೂ ಕೊಟ್ಟಿದ್ದರು. ಅವನು ತಬ್ಬಿಬ್ಬಾದಾಗ, "ಪ್ರಸಾದ ಒಲ್ಲೆ ಅನ್ನಬಾರದಪ್ಪ, ತಿನ್ನು," ಅಂದಿದ್ದರು. ನಾನೂ ಚಪ್ಪಲಿ ಮೆಟ್ಟಿಕೊಳ್ಳುತ್ತ ಅದನ್ನು ಬಾಯಿಗೆ ಹಾಕಿಕೊಂಡು ಮೆಟ್ರೋಗೆ ಓಡುತ್ತಿದ್ದೆ.

ಮಾಲಗಾ ಅತ್ತೆಗೆ ಒಗ್ಗಿತು, ನನಗೇ ಅಚ್ಚರಿ. ಬಿಸಿಲು ನಮ್ಮ ಹೈದರಾಬಾದಿನದೇ, ಆದರೆ ಧೂಳಿಲ್ಲ. ಬೀದಿಯ ಎರಡೂ ಬದಿ ಕಿತ್ತಳೆ ಗಿಡಗಳು. ಯಾರೂ ಹಣ್ಣು ಕೀಳುವುದಿಲ್ಲವಲ್ಲ ಎಂದು ಅವರಿಗೆ ಒಂದೇ ಸಮನೆ ಸಂಕಟ, ಅವು ಕಹಿ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಗುಡ್ಡದ ಮೇಲಿನ ಹಳೆ ಕೋಟೆ ನೋಡಿ ಗೋಲ್ಕೊಂಡಾನೇ ದೊಡ್ಡದು ಎಂದು ತೀರ್ಪು ಕೊಟ್ಟರು. ಸಮುದ್ರದ ದಂಡೆಯಲ್ಲಿ ದೋಣಿಯೊಳಗೆ ಕೆಂಡ ಮಾಡಿ ಮೀನು ಸುಡುವ ಕಡೆ ಬಂದರೆ ಸೆರಗು ಮೂಗಿಗೆ ಒತ್ತಿಕೊಂಡು ಬಿರಬಿರನೆ ನಡೆಯುತ್ತಿದ್ದರು. ಸಂಜೆ ಬೀದಿಯಲ್ಲಿ ಒಬ್ಬ, ಒಣ ಕಡ್ಡಿಗಳಿಗೆ ಒಂದೊಂದೇ ಮಲ್ಲಿಗೆ ಸಿಕ್ಕಿಸಿ ಚೆಂಡಿನಂತೆ ಮಾಡಿದ ಹೂವು ಮಾರುತ್ತಿದ್ದ. ಮಲ್ಲಿಗೆ ಕಂಡದ್ದೇ ತಡ, ಅತ್ತೆ ಅಲ್ಲೇ ನಿಂತುಬಿಟ್ಟರು. ಪೂಜೆಗೆಂದು ದಿನಾ ಒಂದು ಕೊಳ್ಳಬೇಕಾಯಿತು.

ಐದನೆಯ ದಿನ ಬಸ್ಸಿನಲ್ಲಿ ನೆರ್ಹಾ ಎಂಬ ಪಕ್ಕದ ಊರಿಗೆ ಹೋದೆವು. ದಾರಿಯುದ್ದ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡದ ಇಳಿಜಾರಿನಲ್ಲಿ ಮಾವಿನ ತೋಟಗಳು. ಇವರಿಗೂ ಮಾವಿನಕಾಯಿ ಬರ್ತಾವೇನು ಎಂದು ಅತ್ತೆ ಕಿಟಕಿಗೆ ಹಣೆ ಹಚ್ಚಿ ಕೂತರು. ನೆರ್ಹಾದಲ್ಲಿ ಬಂಡೆಗಳ ನಡುವೆ ಒಂದು ಪುಟ್ಟ ದಂಡೆ. ಮಾಲಗಾದಲ್ಲಿ ದೂರದಿಂದಲೇ ಕೈಮುಗಿಯುತ್ತಿದ್ದವರು ಇಲ್ಲಿ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ಸೀದಾ ನೀರಿಗೆ ಇಳಿದರು. ಮೊಣಕಾಲಿನವರೆಗೆ ಹೋದಾಗ ಒಂದು ತೆರೆ ಬಂದು ಎದೆಯವರೆಗೆ ತೋಯಿಸಿತು. ಅತ್ತೆ ನಕ್ಕರು. ಬಾಯಿ ತುಂಬ, ಸುತ್ತಲಿನವರು ತಿರುಗಿ ನೋಡುವಂತೆ ನಕ್ಕರು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಆ ನಗು ನಾನು ಕೇಳಿರಲಿಲ್ಲ. ಖುಷಿಯಾಯಿತು ನನಗೆ, ಕರೆತಂದದ್ದು ಸಾರ್ಥಕ ಅನ್ನಿಸಿತು.

ನೀರು ಮಾತ್ರ ಮಂಜಿನಂತೆ ತಣ್ಣಗಿತ್ತು. ಹೊರಗೆ ಬಂದು ಬೆಂಚಿನ ಮೇಲೆ ಕೂತು, ಲಿಂಗದ ಬಟ್ಟೆ ಉಪ್ಪುನೀರಲ್ಲಿ ತೊಯ್ದಿದೆ ಎಂದು ಗಂಟು ಬಿಚ್ಚಿ ಬೇರೆ ಬಟ್ಟೆ ಕಟ್ಟಿಕೊಂಡರು. ಬೆರಳು ಸೆಟೆದು ಕೈಗಳು ನಡುಗುತ್ತಿದ್ದವು. ನಾನು ಕಟ್ಟಲೇ ಎಂದೆ, ಬೇಡವೆಂದರು. ಅಲ್ಲಿಂದ ಮೇಲೆ ಗುಡ್ಡದ ಬಿಳಿ ಊರಿಗೆ ಹೋದೆವು. ಮನೆಗಳೆಲ್ಲ ಸುಣ್ಣ ಬಳಿದಂತೆ ಬೆಳ್ಳಗೆ, ಬಾಗಿಲು ನೀಲಿ, ಓಣಿಗಳೆಲ್ಲ ಬರೀ ಮೆಟ್ಟಿಲು. ಅಲ್ಲೊಂದು ಅಂಗಡಿಯಲ್ಲಿ ಮುದುಕಿಯೊಬ್ಬಳು ಕಪ್ಪು ಪಾಕವನ್ನು ಚಮಚದಲ್ಲಿ ಕೊಟ್ಟಳು. ಅತ್ತೆ ಅದನ್ನು ಬಾಯಿಗಿಡದೆ ಮೂಸಿ ನೋಡಿ, "ಇದು ನಮ್ಮ ಜೋನಿ ಬೆಲ್ಲ ಐತಿ," ಅಂದರು. ನಿಜವೇ, ಆ ಊರಲ್ಲಿ ಕಬ್ಬಿನ ರಸ ಕಾಯಿಸಿ ಪಾಕ ಮಾಡುತ್ತಾರೆ. ಮಗನಿಗೆಂದು ಒಂದು ಸೀಸೆ ಕೊಂಡರು. ಮಗನ ಹೆಸರಿನಲ್ಲಿ ನೀವು ನೆಕ್ಕುತ್ತೀರಿ ಎಂದು ಗದರಿ, ಮನೆಗೆ ಬಂದು ಅದನ್ನು ಅಡುಗೆಮನೆಯ ಮೇಲಿನ ಅರೆಯಲ್ಲಿ ಹಿಂದೆ ಇಟ್ಟೆ. ದಣಿದಿದ್ದ ಅತ್ತೆ ಆ ರಾತ್ರಿ ಉಣ್ಣದೆ, ನೀರೂ ಕುಡಿಯದೆ ಮಲಗಿಬಿಟ್ಟರು.

ಮರುದಿನ ಬೆಳಿಗ್ಗೆ ಎಂದಿನಂತೆ ಸೂಜಿ ಹಾಕಿದೆ. ಅತ್ತೆ ಹಣೆಗೆ ವಿಭೂತಿ ಹಚ್ಚಿಕೊಂಡು ಚಾಪೆ ಹಾಸಿದರು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಒಂದು ರೊಟ್ಟಿ ಬೆಂದು ಇಳಿದರೂ ಹೊರಗಿನಿಂದ ಮಂತ್ರದ ಗುಣುಗುಣು ಕೇಳಲಿಲ್ಲ. ಹಿಟ್ಟಿನ ಕೈಯಲ್ಲೇ ಬಂದು ನೋಡಿದೆ. ಬಿಳಿ ಬಟ್ಟೆ ಅವರ ತೊಡೆಯ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. ಒಳಗೆ ಏನೂ ಇರಲಿಲ್ಲ.

"ಇಲ್ಲ," ಅಂದರು ಅತ್ತೆ. ಅಷ್ಟೇ ಅಂದರು.

ಹಾಸಿಗೆ ಕೊಡವಿದೆ. ಬಚ್ಚಲು, ವಾಷಿಂಗ್ ಮಷೀನು, ನಿನ್ನೆಯ ಒದ್ದೆ ಸೀರೆಯ ನೆರಿಗೆ, ಚಪ್ಪಲಿಯ ಒಳಗೆ, ಎಲ್ಲ ನೋಡಿದೆ. ಮೆಟ್ಟಿಲಿಳಿದು ಬೀದಿಯವರೆಗೆ ಹೋಗಿ ನೆಲ ನೋಡುತ್ತ ಬಂದೆ. ಸಿಗಲಿಲ್ಲ. ಬೆಂಚಿನ ಮೇಲೆ ನಡುಗುವ ಕೈಯಿಂದ ಹಾಕಿದ ಗಂಟು ಸಡಿಲವಾಗಿತ್ತು. ದಂಡೆಯಲ್ಲೋ, ಬಸ್ಸಿನಲ್ಲೋ, ಆ ಸಾವಿರ ಮೆಟ್ಟಿಲುಗಳಲ್ಲೋ ಬಿದ್ದುಹೋಗಿತ್ತು. ಬೆಟ್ಟಡಿಕೆಯಷ್ಟು ಕಪ್ಪು ವಸ್ತು, ಕಲ್ಲು ಹರಡಿದ ಊರಿನಲ್ಲಿ ಯಾರ ಕಣ್ಣಿಗೆ ಬೀಳಬೇಕು.

ನನಗೆ ಆಗ ಒಮ್ಮೆಲೇ ಹೊಳೆಯಿತು, ಸೂಜಿ ಹಾಕಿ ಆಗಿದೆ. ಹೊಟ್ಟೆಗೆ ಏನಾದರೂ ಬೀಳಲೇಬೇಕು.

"ಅತ್ತೀ, ಮೊದಲು ಉಣ್ರಿ. ಆಮ್ಯಾಲ ಹುಡುಕೂಣು."

"ಹ್ಯಾಂಗ ಉಣ್ಲಿ? ಲಿಂಗ ಇಲ್ಲದ ಮೈಗೆ ಅನ್ನ ಯಾಕ?"

"ಸೂಜಿ ಹಾಕೀನ್ರಿ. ಉಣ್ಣದಿದ್ರ ಸಕ್ಕರಿ ಇಳೀತೈತಿ, ಗೊತ್ತೈತಿಲ್ಲ ನಿಮಗ?"

"ಗೊತ್ತೈತಿ."

ಗೊತ್ತಿದ್ದೂ ಗೋಡೆಗೆ ಒರಗಿ ಕೂತರು. ಲಿಂಗ ಕಳೆದರೆ ಮಠದ ಅಯ್ಯಗಳು ಬಂದು ಬೇರೆ ಲಿಂಗ ಕಟ್ಟುವ ತನಕ ನೀರು ಮುಟ್ಟಬಾರದು ಎಂಬುದು ಅವರ ನಡೆ. ಅವರ ಅಜ್ಜಿ ಹಾಗೆ ಎರಡು ದಿನ ಇದ್ದರಂತೆ. ಅಜ್ಜಿಗೆ ಇನ್ಸುಲಿನ್ ಇರಲಿಲ್ಲ ಎಂದು ನಾನು ಕೂಗಿದೆ. ಮನೆಯವರಿಗೆ ಫೋನು ಮಾಡಿದೆ. ಹೈದರಾಬಾದಿನಲ್ಲಿ ನಡುಹಗಲು, ಅಂಗಡಿಯಲ್ಲಿ ಗಿರಾಕಿಗಳ ಗದ್ದಲ. ಅಯ್ಯಗಳಿಂದ ಒಂದು ಮಾತು ಹೇಳಿಸಿ, ಉಣ್ಣಿ ಅಂತ ಹೇಳಲಿ ಎಂದೆ. ಅವರು ಫೋನು ಮಾಡಿದರು, ಮಾಡಿದರು. ಅಯ್ಯಗಳು ಎಲ್ಲೋ ಹಳ್ಳಿಯಲ್ಲಿ, ಫೋನು ಬಂದ್. ಕೊನೆಗೆ ತಾವೇ ವಿಡಿಯೋದಲ್ಲಿ ಬಂದು, "ಅವ್ವಾ, ನನ್ನ ಸಲುವಾಗಿ ಒಂದು ತುತ್ತು ತಿನ್ನವ್ವಾ," ಎಂದು ಅಂಗಡಿಯ ನಡುವೆ ನಿಂತು ಬೇಡಿಕೊಂಡರು. ಅತ್ತೆ ಮಗನ ಮುಖ ನೋಡಿ, ಫೋನನ್ನು ನನ್ನ ಕಡೆ ತಿರುಗಿಸಿದರು.

ಬೆರಳು ಚುಚ್ಚಿ ಮೀಟರಿನಲ್ಲಿ ನೋಡಿದೆ. ಅಂಕಿ ಇಳಿಯುತ್ತಿತ್ತು. ಮನೆ ಬಿಟ್ಟುಕೊಟ್ಟ ಹುಡುಗಿಗೆ ಫೋನು ಮಾಡಿದೆ. ಅವಳು ಅಲ್ಲಿಂದಲೇ ಆಂಬುಲೆನ್ಸಿಗೆ ಹೇಳಿದಳು. ಬರುತ್ತಾರೆ ಮೇಡಂ, ಆದರೆ ಅಷ್ಟರಲ್ಲಿ ಸಿಹಿ ಏನಾದರೂ ತಿನ್ನಿಸಿಬಿಡಿ, ಕಾಯಬೇಡಿ ಅಂದಳು. ಸಕ್ಕರೆ ಕದಡಿದ ನೀರು ಚಮಚದಲ್ಲಿ ತಂದು ಬಾಯಿಗೆ ಹಿಡಿದೆ. ಅತ್ತೆ ಹಲ್ಲು ಕಚ್ಚಿಕೊಂಡರು. ಒಂದು ಕೈಯಿಂದ ಗಲ್ಲ ಹಿಡಿದು ಬಲವಂತ ಮಾಡಿದೆ, ನನ್ನ ಕೈಯನ್ನು ಎಷ್ಟು ಜೋರಾಗಿ ತಳ್ಳಿದರೆಂದರೆ ಚಮಚ ಸಿಡಿದು ಗೋಡೆಗೆ ಬಡಿಯಿತು. ಹಣೆಯಲ್ಲಿ ಬೆವರು ಹರಿದು ವಿಭೂತಿ ಕರಗುತ್ತಿತ್ತು. ತುಟಿ ಬಿಳಿಚಿಕೊಂಡಿತ್ತು.

"ಸಾಯಬೇಕಂತ ಮಾಡೀರೇನು? ಇಲ್ಲಿ, ನನ್ನ ಕೈಯಾಗ? ನಿಮ್ಮ ಮಗಗ ನಾ ಏನು ಹೇಳ್ಲಿ?"

ಅತ್ತೆ ನನ್ನನ್ನೇ ನೋಡುತ್ತಿದ್ದರು, ಆದರೆ ನೋಟ ನನ್ನಲ್ಲಿ ಇರಲಿಲ್ಲ. "ಅಂಗಡಿ ಶಟರ್ ಇಳಿಸ್ಯಾರೇನು ನೋಡವ್ವ," ಅಂದರು. "ಮಳಿ ಬಂದ್ರ ಬ್ಯಾಳಿ ಚೀಲ ತೋಯ್ತಾವ."

ಬಾಗಿಲಾಚೆ ಬಿಸಿಲು ಉರಿಯುತ್ತಿತ್ತು. ಅಷ್ಟು ಹೆದರಿಕೆ ನನಗೆ ನನ್ನ ಹೆರಿಗೆಯಲ್ಲೂ ಆಗಿರಲಿಲ್ಲ. ಓಡಿಹೋಗಿ ಕೈಚೀಲವನ್ನು ಮಂಚದ ಮೇಲೆ ಬೋರಲು ಹಾಕಿದೆ. ಪಾಸ್‌ಪೋರ್ಟು, ಮಾತ್ರೆ, ಬಸ್ಸಿನ ಟಿಕೆಟ್ಟುಗಳ ನಡುವೆ ಬೆಳ್ಳಿಯ ಕರಡಿಗೆ ಉರುಳಿತು. ತಂದು ಅವರ ಕೈಯಲ್ಲಿ ಇಡಲು ಹೋದೆ.

"ತಗೋರಿ. ಇದನ್ನ ಪೂಜಿ ಮಾಡಿ ಉಣ್ರಿ."

ಕರಡಿಗೆ ಕಂಡು ಸ್ವಲ್ಪ ಎಚ್ಚರ ಬಂದಂತಾಯಿತು. ಕೈ ಹಿಂದೆ ಎಳೆದುಕೊಂಡರು. "ಬ್ಯಾಡ. ಒಬ್ಬರದು ಇನ್ನೊಬ್ಬರಿಗೆ ಆಗಂಗಿಲ್ಲ. ನಿಂದು ಅದು."

ಸಿಟ್ಟಿನಲ್ಲೇ ಹೊಳೆದದ್ದು ಅದು, ಭಕ್ತಿಯಲ್ಲಲ್ಲ. "ಹಂಗಾರ ನಾ ಮಾಡ್ತೀನಿ ಪೂಜಿ," ಅಂದೆ. "ನಾ ಮಾಡಿ ಪ್ರಸಾದ ಕೊಡ್ತೀನಿ. ಪ್ರಸಾದ ಒಲ್ಲೆ ಅನ್ನಬಾರದು ಅಂತ ಪಾರ್ಸೆಲ್ ತಂದ ಹುಡುಗಗೂ ಹೇಳೀರಿ ನೀವು. ಈಗ ಒಲ್ಲೆ ಅಂತೀರೇನು? ಅನ್ರಿ ನೋಡೂಣು."

ಅತ್ತೆ ತಲೆ ಎತ್ತಿ, ಎದುರಿನ ಚಾಪೆಯ ಕಡೆ ಕೈ ತೋರಿಸಿದರು.

"ಕೂಡು," ಅಂದರು.

ಹಿಟ್ಟಿನ ಕೈ ತೊಳೆದು ಅವರೆದುರು ಚಾಪೆಯ ಮೇಲೆ ಕೂತೆ. ಕರಡಿಗೆಯ ಮುಚ್ಚಳ ಅಂಟಿಕೊಂಡಿತ್ತು, ಹಲ್ಲಿನಿಂದ ಎಳೆದೆ. ಮೊದಲು ಏನು ಮಾಡಬೇಕೆಂಬುದೇ ಮರೆತುಹೋಗಿತ್ತು. ಲಿಂಗವನ್ನು ಬಲಗೈಯಲ್ಲಿ ಇಟ್ಟುಕೊಂಡೆ.

"ಎಡಗೈ," ಅಂದರು ಅತ್ತೆ. ನಾಲಗೆ ತೊದಲುತ್ತಿತ್ತು. "ಮೊದಲ ಹಣಿಗೆ ಹಚ್ಕೊ. ಬರೀ ಹಣೀಲೆ ಕೂಡಬ್ಯಾಡ."

ವಿಭೂತಿ ಹಚ್ಚಿಕೊಂಡೆ. ನೀರು ಹಾಕಿದೆ. ಒರೆಸು ಅಂದರು, ಒರೆಸಿದೆ. ಅವರು ತಂದಿದ್ದ ಒಣ ಬಿಲ್ವಪತ್ರಿ ಏರಿಸಿದೆ, ನಿನ್ನೆಯ ಕಡ್ಡಿಯ ಮಲ್ಲಿಗೆಯಿಂದ ಬಾಡಿದ್ದೊಂದು ಕಿತ್ತು ಇಟ್ಟೆ. ಬೇಗಬೇಗ ಮಂತ್ರ ಹೇಳಿದೆ. ಕಿವಿ ಪೂರ್ತಿ ಬೀದಿಯ ಕಡೆಗಿತ್ತು, ಆಂಬುಲೆನ್ಸಿನ ಸದ್ದಿಲ್ಲ. ಅವರ ತಲೆ ಒಂದು ಕಡೆ ವಾಲುತ್ತಿತ್ತು.

"ಆತ್ರಿ, ಮುಗೀತು. ಬಾಯಿ ತೆಗೀರಿ."

"ಇಲ್ಲ. ನೋಡು ಅದನ್ನ."

"ಏನು ನೋಡೂದು ಇನ್ನ?"

"ಕಣ್ಣಿಟ್ಟು ನೋಡು. ನೋಡದಿದ್ರ... ಪೂಜಿ ಅಲ್ಲ ಅದು."

ನೋಡಿದೆ. ಅಂಗೈಯಲ್ಲಿ ಕಪ್ಪಗೆ, ತಣ್ಣಗೆ, ನಾನು ಹುಟ್ಟಿದ ದಿನದ್ದು. ನನಗೇನೂ ಕಾಣಿಸಲಿಲ್ಲ, ಸುಳ್ಳು ಯಾಕೆ ಹೇಳಲಿ. ಅತ್ತೆಯನ್ನು ಉಳಿಸಿಕೊಡು ಎಂದು ಮಾತ್ರ ಕೇಳಿದೆ. ಯಾರನ್ನು ಕೇಳಿದೆನೋ ಗೊತ್ತಿಲ್ಲ, ಕೇಳಿದ್ದಂತೂ ನಿಜ.

ಎಡಗೈ ಹಾಗೇ ಮುಂದೆ ಹಿಡಿದುಕೊಂಡು ಎದ್ದು, ಅರೆಯ ಹಿಂದಿನಿಂದ ಜೋನಿ ಬೆಲ್ಲದ ಸೀಸೆ ತೆಗೆದೆ. ಒಂದು ಬಟ್ಟಲಿಗೆ ಸುರಿದು ಲಿಂಗಕ್ಕೆ ತೋರಿಸಿ, ಬೆರಳಿಂದಲೇ ಅತ್ತೆಯ ತುಟಿಗೆ ಹಚ್ಚಿದೆ. ಬಾಯಿ ತೆರೆಯಿತು. ಇನ್ನೊಮ್ಮೆ ಹಚ್ಚಿದೆ. ನುಂಗಿದರು. ಮತ್ತೆ, ಮತ್ತೆ, ಕೂಸಿಗೆ ನೆಕ್ಕಿಸಿದಂತೆ. ಬಟ್ಟಲು ಖಾಲಿಯಾಗುವಷ್ಟರಲ್ಲಿ ಅವರ ಕೈ ಮೇಲೆದ್ದು ನನ್ನ ಮಣಿಕಟ್ಟು ಹಿಡಿಯಿತು. ಹಿಡಿತದಲ್ಲಿ ಕಸುವಿತ್ತು.

ಆಂಬುಲೆನ್ಸಿನವರು ಬಂದಾಗ ಅತ್ತೆ ರೊಟ್ಟಿ ಮುರಿಯುತ್ತಿದ್ದರು. ಒಬ್ಬ ಗಂಡಸು, ಒಬ್ಬ ಹೆಂಗಸು. ಪರೀಕ್ಷೆ ಮಾಡಿ, ಫೋನಿನಲ್ಲಿ ಹುಡುಗಿಯ ಹತ್ತಿರ ಮಾತಾಡಿ, ಈಗ ಅಪಾಯವಿಲ್ಲ, ಗಂಟೆಗೊಮ್ಮೆ ಮೀಟರು ನೋಡಿ ಎಂದರು. ಹೊರಟವರನ್ನು ಅತ್ತೆ ಕೈಸನ್ನೆ ಮಾಡಿ ನಿಲ್ಲಿಸಿ, ಇಬ್ಬರ ರಬ್ಬರು ಕೈಗವಸಿನ ಮೇಲೂ ಒಂದೊಂದು ಚೂರು ರೊಟ್ಟಿ ಇಟ್ಟರು. ಅವರು ಮುಖ ಮುಖ ನೋಡಿಕೊಂಡು ತಿಂದು ಹೋದರು. ನಾನು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಅತ್ತು ಮುಗಿಸಿ ಹೊರಗೆ ಬಂದು ಮನಸೋ ಇಚ್ಛೆ ಬೈದೆ. ಅತ್ತೆ ಬೈಸಿಕೊಳ್ಳುತ್ತಲೇ ರೊಟ್ಟಿ ಮುಗಿಸಿದರು.

ಮರುದಿನ ಮತ್ತೆ ಆ ಬಿಳಿ ಊರಿಗೆ ಹೋದೆವು. ಒಂದೊಂದು ಮೆಟ್ಟಿಲೂ ನೋಡುತ್ತ ಹತ್ತಿದೆ. ಬೆಲ್ಲದ ಅಂಗಡಿಯ ಮುದುಕಿ ನನ್ನ ಲಿಂಗ ನೋಡಿ, ಇಂಥದ್ದೇ ಎಂದು ತಿಳಿದುಕೊಂಡು, ತಾನೂ ಪೊರಕೆ ಹಿಡಿದು ಓಣಿ ಹುಡುಕಿದಳು. ಸಿಗಲಿಲ್ಲ. ಕೆಳಗೆ ನೆರ್ಹಾದ ದಂಡೆಯಲ್ಲಿ ಅತ್ತೆ ನೀರಿಗಿಳಿಯದೆ ಬೆಂಚಿನ ಮೇಲೆ ಕೂತರು. "ಸಮುದ್ರ ನೋಡ್ಬೇಕಂತ ಬಂದೆ," ಅಂದರು. "ಅದಕ್ಕೂ ನೋಡ್ಬೇಕನಿಸಿರಬೇಕು." ಅಂದು ಕಣ್ಣು ಒರೆಸಿಕೊಂಡರು. ಉಳಿದ ದಿನಗಳೆಲ್ಲ ಹೊತ್ತು ಹೊತ್ತಿಗೂ ಮೊದಲು ನನ್ನ ಪೂಜೆ, ಬೆಳಿಗ್ಗೆಯಾದರೆ ಆಮೇಲೆ ಅವರಿಗೆ ಸೂಜಿ, ಆಮೇಲೆ ಪ್ರಸಾದ. ಕ್ರಮ ತಿರುಗಿಸಿದ್ದು ನಾನು. ಆ ವಿಷಯದಲ್ಲಿ ಅವರ ಮಾತು ಕೇಳಲಿಲ್ಲ.

ಹೈದರಾಬಾದಿಗೆ ಬಂದ ಮರುದಿನ ಅಯ್ಯಗಳು ಮನೆಗೆ ಬಂದು ಅತ್ತೆಗೆ ಹೊಸ ಲಿಂಗ ಕಟ್ಟಿದರು. ಹಳೆಯ ಬೆಳ್ಳಿಯ ಕರಡಿಗೆಯಲ್ಲಿ ಹೊಸದು ಕೂತಿತು. ಅತ್ತೆ ತಾವೇ ಪೂಜೆ ಮಾಡಿ, ತಾವೇ ತೋರಿಸಿ, ಮಗನಿಗೆ, ನನಗೆ ಪ್ರಸಾದ ಕೊಟ್ಟು ಊಟಕ್ಕೆ ಕೂತರು. ಮನೆಯವರು ಅಯ್ಯಗಳನ್ನು ಬಿಟ್ಟು ಬರಲು ಹೋದರು. ನನ್ನ ಕೆಲಸ ಮುಗಿಯಿತು ಎಂದುಕೊಂಡು ನಾನು ಸ್ಪೇನಿನಿಂದ ಕೊರಳಿಗೆ ಕಟ್ಟಿಕೊಂಡೇ ಬಂದಿದ್ದ ಕರಡಿಗೆ ತೆಗೆದು, ಕಪಾಟಿನ ಬಾಗಿಲು ತೆರೆದೆ. ಮೆಟ್ರೋಗೆ ಹೊತ್ತಾಗುತ್ತಿತ್ತು.

"ಒಂದು ಮಾತು ಕೇಳ್ಲೇನು?" ಅಂದರು ಅತ್ತೆ, ತಾಟಿನ ಮುಂದಿನಿಂದ. "ಅವತ್ತು ನಾ ಉಣ್ಣಲಿಲ್ಲ ಅಂತ ಭಾಳ ಬೈದಿ. ಹಟಕ್ಕಲ್ಲವ್ವ. ನನಗ ಅಂಜಿಕಿ ಆಗಿತ್ತು."

"ಅಂಜಿಕಿ ಆದ್ರ ಉಣ್ಣಬೇಕಲ್ರಿ?"

"ಉಂಡ್ರೂ ಹೋಗೂ ಜೀವ ಹೋಗತೈತಿ, ಈ ವಯಸ್ಸಿನ್ಯಾಗ. ಮಣ್ಣಾಗ ಕೂಡಿಸೂ ಮುಂದ ಅಂಗೈಯಾಗ ಲಿಂಗ ಇಟ್ಟು ಕೂಡಿಸ್ತಾರ. ನಿಮ್ಮ ಮಾವಗ ಇಟ್ಟಿದ್ದು ನೋಡೀ ಇಲ್ಲ? ಅಲ್ಲಿ, ಪರದೇಶದಾಗ, ನಾ ಹೋಗಿಬಿಟ್ಟಿದ್ರ ನನ್ನ ಕೈಯಾಗ ಏನಿಡತಿದ್ದಿ? ಬರೀ ಕೈಲೆ ಕೂಡಿಸ್ತಿದ್ದಿ. ಅದ ಒಂದು ತಲ್ಯಾಗ ಕುಂತಬಿಟ್ಟಿತ್ತು."

ಅಷ್ಟು ಬೈದಿದ್ದೆನಲ್ಲ, ಒಮ್ಮೆಯೂ ಯಾಕೆ ಎಂದು ಕೇಳಿರಲಿಲ್ಲ.

"ನಂದು ಇಡತಿದ್ದೆನ್ರಿ," ಅಂದೆ. "ಆಗಂಗಿಲ್ಲ ಅಂತ ನೀವು ಎಷ್ಟ ಅಂದ್ರೂ ಇಡತಿದ್ದೆ. ಬರೀ ಕೈಲೆ ಕಳಸ್ತಿರಲಿಲ್ಲ."

ಅತ್ತೆ ನನ್ನನ್ನು ನೋಡಿದರು. ತೆರೆದ ಕಪಾಟು ನೋಡಿದರು.

"ಮತ್ತ ನಿನಗ?" ಅಂದರು.

ಇಷ್ಟು ವರ್ಷ ಅಮೀರ್‌ಪೇಟಿನಲ್ಲಿ ನಿಂತು ಪ್ರಶ್ನೆ ಕೇಳಿದವಳು, ಉತ್ತರ ಬಾರದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ಕರಡಿಗೆ ಕೈಯಲ್ಲೇ ಇತ್ತು. ರೊಟ್ಟಿ ಆರಾಕತ್ತೈತಿ, ಉಣ್ರಿ ಎಂದು ಹೇಳಿ ಅವರೆದುರು ನೆಲದ ಮೇಲೆ ಕೂತೆ. ಅವತ್ತಿನ ಮೆಟ್ರೋ ತಪ್ಪಿತು.